ಕೂಲರ್ ಒಳಗೆ ಟಾರ್ಚ್ ಬೆಳಕು ಬಿಟ್ಟು ನೋಡಿ
ಮಂತ್ರಾಲಯ, ಆದೋನಿ ಕಡೆ ಬೇಸಿಗೇಲಿ 40 ಡಿಗ್ರಿ ದಾಟೋದು ಹೊಸದೇನಲ್ಲ. ಮನೆಮನೆಯಲ್ಲೂ ಕೂಲರ್ ಓಡ್ತಿರುತ್ತೆ. ಅದರ ನೀರಿಗೆ ಒಮ್ಮೆ ಟಾರ್ಚ್ ಬೆಳಕು ಬಿಡಿ. ಕೊಂಕಿ ಕೊಂಕಿ ಈಜೋ ಸಣ್ಣ ಹುಳ ಕಾಣ್ತಿದೆಯಾ? ಸೊಳ್ಳೆಮರಿ!

ಡೆಂಗಿ ಹರಡೋ ಈಡಿಸ್ ಸೊಳ್ಳೆಗೆ ಮೊಟ್ಟೆಯಿಂದ ರೆಕ್ಕೆ ಬರೋಕೆ ಈ ಸೆಕೇಲಿ ಸುಮಾರು ಒಂದು ವಾರ ಸಾಕು. ಅದಕ್ಕೇ ವಾರಕ್ಕೊಮ್ಮೆ ನೀರು ಚೆಲ್ಲಿ. ಬರೀ ಚೆಲ್ಲಿದ್ರೆ ಸಾಲದು. ನೀರಿನ ಅಂಚಿಗೆ ಅಂಟಿದ ಮೊಟ್ಟೆ ಒಣಗಿದ್ರೂ ತಿಂಗಳುಗಟ್ಟಲೆ ಬದುಕಿರುತ್ತೆ. ಬ್ರಷ್ ಹಾಕಿ ಒಳಗೋಡೆ ಉಜ್ಜಿ, ಒಣಗಿಸಿ, ಆಮೇಲೆ ತುಂಬಿಸಿ. ನಲ್ಲಿ ನೀರು ಯಾವಾಗ ಬರುತ್ತೋ ಅಂತ ತುಂಬಿಟ್ಟ ಡ್ರಮ್ಮಿಗೂ ಇದೇ ಉಪಚಾರ. ತುಂಬಿದ ಮೇಲೆ ಡ್ರಮ್ಮಿನ ಬಾಯಿಗೆ ಬಟ್ಟೆ ಬಿಗಿದು ಕಟ್ಟಿ.

ಇನ್ನು ಮನೇಲಿ ಎಚ್ಚರ ಇರಬೇಕಾದ ಮತ್ತೊಂದು ಜೀವಿ ಚೇಳು. ಇದೇ ಕರ್ನೂಲು ಜಿಲ್ಲೆಯ ಕೋಡುಮೂರಿನ ಗುಡ್ಡದಲ್ಲಿ ಶ್ರಾವಣ ಸೋಮವಾರ ಭಕ್ತರು ಬರಿಗೈಲಿ ಚೇಳು ಹಿಡಿದು ದೇವರಿಗೆ ಅರ್ಪಿಸ್ತಾರೆ. ನೀವು ಮನೇಲಿ ಆ ಸಾಹಸ ಮಾಡಬೇಡಿ! ಕಲ್ಲುಗೋಡೆಯ ಸಂದು ಮುಚ್ಚಿ. ಸೌದೆ, ಹತ್ತಿಕಟ್ಟಿಗೆ ಗೋಡೆಗೆ ಒತ್ತಿ ಇಡಬೇಡಿ. ಜಿರಳೆ ಕಡಿಮೆಯಾದ್ರೆ ಚೇಳಿಗೆ ಊಟವೂ ಕಡಿಮೆ. ರಾತ್ರಿ ಹುಡುಕೋಕೆ ಅಲ್ಟ್ರಾವೈಲೆಟ್ ಟಾರ್ಚ್ ಬಿಡಿ, ಚೇಳು ಹಸಿರಾಗಿ ಹೊಳೆಯುತ್ತೆ.

ಕುಟುಕಿದ್ರೆ ಮಂತ್ರ ಹಾಕಿಸ್ತಾ ಕೂರಬೇಡಿ, ನೇರ ಆಸ್ಪತ್ರೆಗೆ ಹೋಗಿ. ಮಕ್ಕಳಾದ್ರೆ ಒಂದು ನಿಮಿಷವೂ ತಡ ಬೇಡ.