ದಾರದ ಬಣ್ಣ ಹೊಂದುವುದೆಂತು?

ಕೊಪ್ಪದ ಮೇಗುಂದ ಸೀಮೆಯ ಮಳೆಗಾಲದ ಮಬ್ಬಿನಲ್ಲಿ, ಹಳದಿ ದೀಪ ಹಚ್ಚಿ, ಕೌದಿಯ ಮೇಲಣ ಯಂತ್ರಕಸೂತಿಗೆ ದಾರ ಆರಿಸಿದೆವೆನ್ನೋಣ. ಬಿಸಿಲು ಬಂದಾಗ ನೋಡಿದರೆ ದಾರದ ಬಣ್ಣ ಬೇರೆ, ಬಟ್ಟೆಯ ಬಣ್ಣ ಬೇರೆ! ಕಾರಣವೇನು?

ಹಳದಿ ದೀಪದಲ್ಲಿ ನೀಲಿ ಕಿರಣಗಳು ಕಡಿಮೆ. ಆದುದರಿಂದ ಬೇರೆ ಬೇರೆ ಬಣ್ಣದ್ರವ್ಯಗಳಲ್ಲಿ ಅದ್ದಿದ ದಾರವೂ ಬಟ್ಟೆಯೂ ಅಲ್ಲಿ ಒಂದೇ ಎನಿಸಿ, ಹಗಲಿನಲ್ಲಿ ಬೇರೆಯಾಗಿ ತೋರಬಹುದು. ವಿಜ್ಞಾನಿಗಳು ಇದನ್ನು ಮೆಟಮೆರಿಸಂ ಎನ್ನುವರು.

ನೆರೆಯ ಬಣ್ಣವೂ ಕಣ್ಣನ್ನು ವಂಚಿಸುವುದು. ಪ್ಯಾರಿಸಿನ ಗೋಬೆಲಿನ್ ನೆಯ್ಗೆಶಾಲೆಯಲ್ಲಿ ನೀಲಿಯ ಪಕ್ಕದ ಕಪ್ಪು ನೂಲು ಮಾಸಿದಂತೆ ಕಾಣುತ್ತಿತ್ತು. ದೋಷ ಕಪ್ಪಿನದಲ್ಲ, ನೆರೆಯ ನೀಲಿಯದು ಎಂದು ರಸಾಯನಜ್ಞ ಶೆವ್ರಲ್ 1839ರ ತನ್ನ ಗ್ರಂಥದಲ್ಲಿ ವಿವರಿಸಿದನು.

ಉಂಡೆಯಲ್ಲಿ ಗಾಢವೆನಿಸುವ ದಾರವು ಒಂಟಿ ಎಳೆಯಾದಾಗ ತಿಳಿಯಾಗಿ ಕಾಣುವುದು. ಎಳೆಯನ್ನು ಬಟ್ಟೆಯ ಮೇಲಿರಿಸಿ, ಹಗಲಿನಲ್ಲಿಯೂ ದೀಪದಲ್ಲಿಯೂ ನೋಡಿಯೇ ನಾವು ಆರಿಸಬೇಕು.