ಅಟ್ಟದ ಕೋವಿ ಟಿಪ್ಪು ಕಾಲದ್ದೇ? ಹಿಜರಿ ಅಂತ ಓದುವ ಮುನ್ನ ತಡೆಯಿರಿ

ಕರಾವಳಿಯ ಹಳೇ ಮನೆಯ ಅಟ್ಟದಲ್ಲಿ ತುಕ್ಕು ಹಿಡಿದ ಕೋವಿಯೊಂದು ಸಿಕ್ಕಿದರೆ ಸಾಕು, "ಇದು ಟಿಪ್ಪು ಕಾಲದ್ದು" ಅಂತ ಮಾತು ಶುರುವಾಗುತ್ತದೆ. ಇರಲೂಬಹುದು. 1784ರ ಮಾರ್ಚ್ 11ರ ಒಪ್ಪಂದಕ್ಕೆ ಮೊದಲು ತಿಂಗಳುಗಟ್ಟಲೆ ಮುತ್ತಿಗೆ ನಡೆದದ್ದು ನಮ್ಮ ಮಂಗಳೂರಿನ ಕೋಟೆಗೇ. ಸುಲ್ತಾನರ ಸೈನ್ಯ, ಕಂಪೆನಿ ಸೈನ್ಯ ಎರಡರ ಚಕಮಕಿ ಕೋವಿಗಳೂ ಈ ನೆಲ ಕಂಡಿವೆ. ಆದರೆ ಅಸಲಿ ಯಾವುದು ಅಂತ ತಿಳಿಯುವುದು ಹೇಗೆ?

ಮೊದಲು ಇಸವಿ. ಮದ್ರಸದಲ್ಲಿ ಅರಬಿ ಅಂಕಿ ಕಲಿತ ನಾವು ಎಡವುವುದು ಇಲ್ಲಿಯೇ. ಕೋವಿಯ ಮೇಲೆ 1224 ಅಂತ ಇದ್ದರೆ ಹಿಜರಿ ಎಂದುಕೊಳ್ಳುತ್ತೇವೆ. ಹಿಜರಿ 1224 ಅಂದರೆ 1809. ಸುಲ್ತಾನರು ಶಹೀದರಾದದ್ದು 1799ರ ಮೇ 4ರಂದು. "ಹಾಗಾದರೆ ಇದು ಡೂಪ್ಲಿಕೇಟ್" ಅಂತ ಗುಜರಿಗೆ ಹಾಕಿದರೆ ಮುಗಿಯಿತು!

ಟಿಪ್ಪು 1787ರ ಸುಮಾರಿಗೆ ಪ್ರವಾದಿ(ಸ)ರ ಜನನದಿಂದ ಲೆಕ್ಕ ಹಾಕುವ ಮೌಲೂದಿ ವರ್ಷವನ್ನು ಜಾರಿಗೆ ತಂದಿದ್ದರು. ಅದಕ್ಕೆ 572 ಕೂಡಿಸಿದರೆ ಹೆಚ್ಚುಕಡಿಮೆ ನಮ್ಮ ಇಸವಿ ಸಿಗುತ್ತದೆ. 1224 ಅಂದರೆ 1796, ಅಂದರೆ ಸುಲ್ತಾನರು ಬದುಕಿದ್ದ ಕಾಲ. ಇನ್ನೊಂದು ತೊಡಕೂ ಉಂಟು. ಮೌಲೂದಿ ನಾಣ್ಯಗಳಲ್ಲಿ ಅಂಕಿಗಳನ್ನು ಬಲದಿಂದ ಎಡಕ್ಕೆ ಬರೆದಿದ್ದಾರೆ. 4221 ಅಂತ ಕಂಡರೆ ಗಾಬರಿ ಬೇಡ, ತಿರುಗಿಸಿ ಓದಿ.

ಇಸವಿ ಒಂದನ್ನೇ ನಂಬುವಂತಿಲ್ಲ, ಅದನ್ನು ನಿನ್ನೆಯೂ ಕೊರೆದಿರಬಹುದು. ಅರಮನೆಯ ಕೋವಿಗಳಲ್ಲಿ ಬಬ್ರಿ ಎಂಬ ಹುಲಿಪಟ್ಟೆ, ಹುಲಿಮುಖದ ಆಕಾರದಲ್ಲಿ ಹೆಣೆದ ಅರಬಿ ಬರಹ ಇರುತ್ತಿದ್ದವು. ಕಂಪೆನಿಯ ಕೋವಿಯಲ್ಲಾದರೆ ನಾಲ್ಕು ಭಾಗ ಮಾಡಿದ ಹೃದಯದ ಮುದ್ರೆ, ಮೇಲೆ 4ರಂಥ ಗುರುತು. 1808ರ ಹೊತ್ತಿಗೆ ಅದರ ಬದಲು ಎದ್ದು ನಿಂತ ಸಿಂಹ ಬಂತು. ಸಿಂಹದ ಮುದ್ರೆಯ ಕೋವಿ ತೋರಿಸಿ "ಶ್ರೀರಂಗಪಟ್ಟಣದ ಯುದ್ಧದ್ದು" ಅಂದರೆ ಒಪ್ಪಬೇಡಿ.

ಕೊನೆಗೆ ಲಾಕ್ ನೋಡಿ. ಕೇಪಿನ ಕೋವಿ ಬಂದ ಮೇಲೆ ಎಷ್ಟೋ ಚಕಮಕಿ ಕೋವಿಗಳನ್ನು ಕೇಪಿಗೆ ಬದಲಾಯಿಸಿದರು. ಈಗ ಹೆಚ್ಚು ರೇಟಿನ ಆಸೆಗೆ ಅದನ್ನೇ ಮತ್ತೆ ಚಕಮಕಿ ಮಾಡಿ ಮಾರುವವರಿದ್ದಾರೆ. ನಳಿಗೆಯ ತುಕ್ಕು ಹಳೆಯದು, ಲಾಕಿನ ಭಾಗಗಳು ಮಾತ್ರ ಹೊಸತು, ಮುಚ್ಚಿದ ತೂತು, ಹೊಸ ಸ್ಕ್ರೂ ಕಂಡರೆ ಅನುಮಾನಪಡಿ.

ಕೋವಿ ಸಿಕ್ಕಿದರೆ ಹುಣಸೆಹುಳಿ, ಮರಳುಕಾಗದ ಹಾಕಿ ಉಜ್ಜಬೇಡಿ. ಅಕ್ಷರ ಅಳಿಸಿದರೆ ಸಾಕ್ಷಿಯೇ ಹೋಯಿತು. ನಳಿಗೆಯೊಳಗೆ ಹಳೇ ಮದ್ದು ಉಳಿದಿರಬಹುದು, ಬೆಂಕಿಯ ಹತ್ತಿರ ತರಬೇಡಿ. 1972ರ ಪುರಾತನ ವಸ್ತುಗಳ ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ಇಂಥ ವಸ್ತುವನ್ನು ಖಾಸಗಿಯವರು ವಿದೇಶಕ್ಕೆ ಕಳಿಸುವಂತಿಲ್ಲ. ಗಲ್ಫಿನಲ್ಲಿ ಗಿರಾಕಿ ಇದ್ದಾರೆ ಅನ್ನುವವರ ಮಾತಿಗೆ ಮರುಳಾಗಬೇಡಿ.

ಪರೀಕ್ಷಿಸಿದಾಗ ಅದು ಸುಲ್ತಾನರದ್ದಲ್ಲ ಅಂತಲೇ ಆಗಲಿ. ಅಜ್ಜ ಜೋಪಾನ ಮಾಡಿದ್ದು ಹೌದಲ್ಲ, ಅಷ್ಟಕ್ಕಾದರೂ ಉಳಿಸಿಕೊಳ್ಳೋಣ.