ಇಂಗ್ಲಿಷ್ ಕ್ರಿಯಾಪದ ಮತ್ತು ಒಂದು 'ಎಸ್' ಅಕ್ಷರ

ಕನ್ನಡದಲ್ಲಿ 'ಬರುತ್ತೇನೆ' ಎಂದರೆ ಸಾಕು, 'ನಾನು' ಎಂದು ಬೇರೆ ಹೇಳಬೇಕಾಗಿಲ್ಲ. ಬರುತ್ತೀಯೆ, ಬರುತ್ತಾನೆ, ಬರುತ್ತಾಳೆ, ಬರುತ್ತದೆ, ಬರುತ್ತೇವೆ, ಬರುತ್ತೀರಿ, ಬರುತ್ತಾರೆ, ಬರುತ್ತವೆ ಎಂದು ಕರ್ತೃವಿಗೆ ತಕ್ಕಂತೆ ಕ್ರಿಯಾಪದದ ಕೊನೆ ಬದಲಾಗುತ್ತದೆ. ಇಷ್ಟನ್ನೂ ಯಾರೂ ಕಲಿಸದೆ ಕಲಿತ ನಾವು ಇಂಗ್ಲಿಷಿನ ವರ್ತಮಾನ ಕಾಲಕ್ಕೆ ಅಂಜಬೇಕಾದ ಕಾರಣವಿಲ್ಲ. ಅಲ್ಲಿ ಸಾಮಾನ್ಯ ಕ್ರಿಯಾಪದಕ್ಕಿರುವುದು ಎರಡೇ ರೂಪ: 'ವರ್ಕ್' ಮತ್ತು 'ವರ್ಕ್ಸ್'.

ಐ, ವಿ, ಯೂ, ದೇ ಎಂಬ ನಾಲ್ಕರ ಜತೆಗೆ 'ವರ್ಕ್'. ಹಿ, ಶಿ, ಇಟ್ ಎಂಬ ಮೂರರ ಜತೆಗೆ 'ವರ್ಕ್ಸ್'. ಒಬ್ಬ ವ್ಯಕ್ತಿಯ ಅಥವಾ ಒಂದು ವಸ್ತುವಿನ ಹೆಸರು ಬಂದರೂ 'ವರ್ಕ್ಸ್' ಎಂದೇ ಬರೆಯಬೇಕು. ರೂಪದಿಂದ ಕರ್ತೃ ಯಾರೆಂದು ತಿಳಿಯದ ಕಾರಣ ಇಂಗ್ಲಿಷಿನಲ್ಲಿ ಕರ್ತೃವನ್ನು ಬಿಡುವಂತಿಲ್ಲ.

ನಮ್ಮವರು ಎಡವುವುದು ಮುಖ್ಯವಾಗಿ ಎರಡು ಕಡೆ. ನಾಮಪದಕ್ಕೆ 'ಎಸ್' ಹತ್ತಿದರೆ ಬಹುವಚನ. ಕ್ರಿಯಾಪದಕ್ಕೆ ಹತ್ತಿದರೆ ಏಕವಚನ. 'ದಿ ಬಾಯ್ ವರ್ಕ್ಸ್' ಸರಿ, 'ದಿ ಬಾಯ್ಸ್ ವರ್ಕ್' ಸರಿ. ಎರಡನೆಯದು ನಮ್ಮ ಮರ್ಯಾದೆಯಿಂದ ಬಂದ ತೊಡಕು. 'ಸಾಹೇಬರು ಬರುತ್ತಾರೆ' ಎನ್ನುವ ಬಾಯಿಗೆ 'ದಿ ಮ್ಯಾನೇಜರ್ ಕಮ್' ಎಂದು ಬರುತ್ತದೆ. ಇಂಗ್ಲಿಷ್ ಕ್ರಿಯಾಪದಕ್ಕೆ ಗೌರವ ಬಹುವಚನ ಗೊತ್ತಿಲ್ಲ. ಮ್ಯಾನೇಜರ್ ಆಗಲಿ, ಜವಾನನಾಗಲಿ, ಒಬ್ಬರೇ ಇದ್ದರೆ 'ಕಮ್ಸ್'.

'ಇಲ್ಲ' ಎನ್ನುವಾಗ 'ಡೂ' ಎಂಬ ಸಹಾಯಕ ಪದ ಬರುತ್ತದೆ. 'ಎಸ್' ಅದರೊಳಗೆ ಸೇರಿಕೊಂಡು ಅದು 'ಡಸ್' ಆಗುತ್ತದೆ. 'ಹಿ ಡಸ್ ನಾಟ್ ವರ್ಕ್' ಎಂದಮೇಲೆ ಮತ್ತೆ 'ವರ್ಕ್ಸ್' ಬೇಡ.

ಈಗ ನಡೆಯುತ್ತಿರುವ ಕೆಲಸಕ್ಕೆ: ಐ ಆಮ್ ವರ್ಕಿಂಗ್, ಹಿ ಈಸ್ ವರ್ಕಿಂಗ್, ವಿ ಆರ್ ವರ್ಕಿಂಗ್. 'ಯೂ' ಎಂದರೆ ಒಬ್ಬರಿದ್ದರೂ 'ಆರ್'.

ಅರ್ಜಿ ಬರೆಯುವವರು ಇನ್ನೊಂದನ್ನು ಚೆನ್ನಾಗಿ ಗಮನಿಸಬೇಕು. ಹತ್ತು ವರ್ಷದಿಂದ ಈಗಲೂ ಕೆಲಸದಲ್ಲಿರುವವರು 'ಐ ವರ್ಕ್ಡ್ ಹಿಯರ್ ಫಾರ್ ಟೆನ್ ಇಯರ್ಸ್' ಎಂದು ಬರೆದರೆ, ಓದುವ ಅಧಿಕಾರಿಗೆ ಅವರು ಕೆಲಸ ಬಿಟ್ಟವರಂತೆ ತೋರುತ್ತದೆ. ಹತ್ತು ವರ್ಷದ ಸರ್ವಿಸು ಒಂದು ಪದದಲ್ಲಿ ಮುಗಿದುಹೋಯಿತು! 'ಐ ಆಮ್ ವರ್ಕಿಂಗ್ ಸಿನ್ಸ್ ಟೆನ್ ಇಯರ್ಸ್' ಎಂಬುದೂ ಸರಿಯಲ್ಲ. ಬರೆಯಬೇಕಾದದ್ದು 'ಐ ಹ್ಯಾವ್ ಬೀನ್ ವರ್ಕಿಂಗ್ ಹಿಯರ್ ಫಾರ್ ಟೆನ್ ಇಯರ್ಸ್'. ಅವನ ಬಗ್ಗೆ ಮೇಸ್ತ್ರಿ ಬರೆಯುವುದಾದರೆ 'ಹ್ಯಾವ್' ಹೋಗಿ 'ಹ್ಯಾಸ್' ಬರುತ್ತದೆ. ಇಲ್ಲಿಯೂ ಅದೇ 'ಎಸ್'.

ಓದುಗ ಬಂಧುಗಳು ದಿನಕ್ಕೊಂದು ಕ್ರಿಯಾಪದ ಆರಿಸಿ, ಮೇಲಿನ ಏಳು ಕರ್ತೃಗಳಿಗೂ ಒಂದೊಂದು ವಾಕ್ಯ ಬರೆಯಲಿ. ವಾಚನಾಲಯಕ್ಕೆ ಬಂದಾಗ ತೋರಿಸಿದರೆ ನಾವು ಕೂತು ತಿದ್ದಿಕೊಡುತ್ತೇವೆ. ರಜೆಯ ಅರ್ಜಿಗಾಗಿ ಇನ್ನೊಬ್ಬರ ಬಿಡುವು ಕಾಯುವುದು ತಪ್ಪಿದರೆ ಅಷ್ಟೇ ಲಾಭ.